ಮೂರನೇ ಮಹಡಿಯ ವಿಳಾಸ

ಠಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬಯಿ, ಈ ನಾಲ್ಕು ಊರುಗಳಲ್ಲೂ ನಾನು ಬಾಡಿಗೆಗೋ ಸ್ವಂತಕ್ಕೋ ವಾಸವಾಗಿದ್ದವಳು. ಈಗ ಹೇಳಹೊರಟದ್ದು ಯಾವ ಊರಿನ ಪಾಲಿಕೆಯ ವಿಷಯ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಅವರು ನೋಟಿಸು ಕಳಿಸಬಹುದು. ನನ್ನ ವಿಳಾಸ ಅವರ ಹತ್ತಿರ ಇದೆ. ಒಂದು ಕಾಲಕ್ಕೆ ಅದು ಬೇಕೆಂದವರೆಲ್ಲರ ಹತ್ತಿರವೂ ಇತ್ತು.

ಎರಡು ಸಾವಿರದ ಹತ್ತರ ಆಚೀಚೆ ಪಾಲಿಕೆಯವರು ಘರಪಟ್ಟಿಯನ್ನು, ಅಂದರೆ ಮನೆ ತೆರಿಗೆಯನ್ನು, ಕಂಪ್ಯೂಟರಿಗೆ ಏರಿಸಿದರು. ವೆಬ್‌ಸೈಟಿನಲ್ಲಿ ಒಬ್ಬರ ಹೆಸರು ಹೊಡೆದರೆ ಸಾಕು, ಅವರ ಕಟ್ಟಡ, ಫ್ಲಾಟು, ಒಡೆಯರು ಯಾರು, ಒಳಗೆ ಇರುವವರು ಯಾರು, ಮೊಬೈಲ್ ನಂಬರು, ಎಲ್ಲ ಬಂದು ನಿಲ್ಲುತ್ತಿತ್ತು. ಕಟ್ಟಡದ ಹೆಸರು ಹೊಡೆದರೆ ಕಟ್ಟಡಕ್ಕೆ ಕಟ್ಟಡವೇ ಬಿಚ್ಚಿಕೊಳ್ಳುತ್ತಿತ್ತು. ಪಾಸ್‌ವರ್ಡು ಗೀಸ್‌ವರ್ಡು ಏನೂ ಇಲ್ಲ. ನಮ್ಮ ಜನಕ್ಕೆ ಇದು ತಪ್ಪು ಅನ್ನಿಸಲೇ ಇಲ್ಲ, ಮಜಾ ಅನ್ನಿಸಿತು. ಮೊದಲೇ ನಮ್ಮ ಕಟ್ಟಡದ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಯಾರು ಮೇಂಟೆನೆನ್ಸ್ ಕಟ್ಟಿಲ್ಲ ಎಂದು ಹೆಸರು ಸಮೇತ ಬರೆದು ನೇತುಹಾಕುವ ಪದ್ಧತಿ. ನಾನೂ ನಮ್ಮ ಆಫೀಸಿನ ಸಾಹೇಬರ ಫ್ಲಾಟನ್ನು ಹುಡುಕಿ ನೋಡಿದೆ. ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಸಮಾಧಾನವಾಯಿತು.

ನಾನು ಆಗ ಒಂದು ವಿಮಾ ಕಂಪೆನಿಯ ಕಾನೂನು ವಿಭಾಗದಲ್ಲಿದ್ದೆ. ಅಲ್ಲಿ ನನ್ನ ಕೆಲಸ ಫೈಲು ತಯಾರು ಮಾಡಿ ವಕೀಲರಿಗೆ ಒಪ್ಪಿಸುವುದು, ಅಷ್ಟೆ. ಆದರೂ ಕಟ್ಟಡದಲ್ಲಿ ಯಾರಿಗೆ ಏನೇ ತಕರಾರಾದರೂ ಸೀದಾ ನನ್ನ ಬಾಗಿಲಿಗೆ ಬರುತ್ತಿದ್ದರು. ಭಾನುವಾರದ ಬೆಳಿಗ್ಗೆ ಬಂದವರಿಗೆ ನಾನು ಕೂರಲು ಹೇಳುತ್ತಿರಲಿಲ್ಲ. ಮೂರನೇ ಮಹಡಿಯ ಹೆಂಗಸು ಬಂದದ್ದು ಭಾನುವಾರವೇ.

ಅವಳು ಹುಬ್ಬಳ್ಳಿ ಕಡೆಯವಳು. ಗಲ್ಫಿನಲ್ಲಿದ್ದ ಯಾರದೋ ಫ್ಲಾಟಿನಲ್ಲಿ ಮಗಳೊಂದಿಗೆ ಬಾಡಿಗೆಗಿದ್ದಳು, ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಯಾರ ಜೊತೆಗೂ ಹೆಚ್ಚು ಮಾತಿಲ್ಲದ ಅವಳನ್ನು ಕಟ್ಟಡದವರು ಜಂಬದವಳು ಅನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

"ಅಕ್ಕಾರ, ಆ ಕಂಪ್ಯೂಟರಿನ್ಯಾಗ ನನ್ನ ಹೆಸರು ಐತ್ರಿ. ಅದನ್ನ ತಗಸಬೇಕಾಗೇತಿ" ಅಂದಳು.

"ಯಾಕೆ, ಏನಾದರೂ ಬಾಕಿ ಇದೆಯಾ?"

"ಬಾಕಿ ಇಲ್ರಿ. ಹೆಸರು ಐತಲ್ರಿ, ಅದ ತ್ರಾಸು."

ಆಮೇಲೆ ನಿಂತಲ್ಲೇ ಹೇಳಿದಳು. ಗಂಡ ಹೊಡೆಯುತ್ತಿದ್ದ. ಕೊನೆಯ ಸಲ ಕೈ ಮುರಿದಿತ್ತು. ಅದು ಕೂಡಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಮನೆ ಬಿಟ್ಟಿದ್ದಳು. ಅವನಿಗೆ ನವಿ ಮುಂಬಯಿ ಪಕ್ಕದ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ವ್ಯಾಪಾರ. ಹುಬ್ಬಳ್ಳಿ, ಬೆಳಗಾವಿ, ಪುಣೆ ಎಲ್ಲ ಕಡೆ ಹುಡುಕಿಸಿದ್ದನಂತೆ. ಇಷ್ಟು ಹತ್ತಿರ ಇದ್ದಾಳೆಂದು ಅವನ ತಲೆಗೆ ಹೊಳೆಯುವುದಿಲ್ಲ ಅನ್ನುವುದು ಅವಳ ಲೆಕ್ಕಾಚಾರ, ಮತ್ತು ಅದು ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಗಲ್ಫಿನ ಒಡೆಯನ ಪರವಾಗಿ ತೆರಿಗೆ ಕಟ್ಟಲು ವಾರ್ಡ್ ಆಫೀಸಿಗೆ ಹೋಗಿದ್ದಾಗ, ಮನೆಯಲ್ಲಿ ಯಾರಿದ್ದೀರಿ, ನಂಬರು ಏನು ಎಂದು ಕೇಳಿದ್ದರು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಳು. ನಾನು ಅವಳಿಗೆ ಕೂರಲು ಹೇಳಿದೆ.

ಮರುದಿನ ರಜೆ ಹಾಕಿ ಇಬ್ಬರೂ ವಾರ್ಡ್ ಆಫೀಸಿಗೆ ಹೋದೆವು. ಅಲ್ಲಿಯ ಗುಮಾಸ್ತ "ವರೂನ್ ಆಲಂಯ್" ಅಂದ. ಮೇಲಿನಿಂದ ಬಂದದ್ದು, ನಮ್ಮ ಕೈಯಲ್ಲಿಲ್ಲ ಎಂದು ಅರ್ಥ. ಹೆಸರು ತೆಗೆಯಬೇಕಾದರೆ ಅರ್ಜಿ ಕೊಡಬೇಕು, ಅರ್ಜಿಯ ಜೊತೆ ಗುರುತಿನ ಚೀಟಿ, ಈಗಿರುವ ವಿಳಾಸದ ಪುರಾವೆ ಮತ್ತು ಮೊಬೈಲ್ ನಂಬರು ಕೊಡಬೇಕು. ಅವಳು ನನ್ನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಬಾಯಿಗೆ ಬಂದಂತೆ ಕೂಗಾಡಿದೆ. ಅವನು ಚಹಾಕ್ಕೆ ಎದ್ದು ಹೋದ.

ಠಾಣೆಯ ಕೋರ್ಟಿನ ಹತ್ತಿರ ನಮ್ಮ ಕಂಪೆನಿಯ ಕೇಸು ನಡೆಸುತ್ತಿದ್ದ ಒಬ್ಬರು ಮರಾಠಿ ವಕೀಲರಿದ್ದರು. ಒಳ್ಳೆಯ ಮನುಷ್ಯ, ಫೀಸು ಕೇಳಲಿಲ್ಲ. ದಾರಿಗಳು ಬೇಕಾದಷ್ಟಿವೆ ಅಂದರು. ಇನ್ಫರ್ಮೇಶನ್ ಟೆಕ್ನಾಲಜಿ ಕಾಯಿದೆಯಡಿ ಮುಂಬಯಿಯ ಸಚಿವಾಲಯದ ಅಧಿಕಾರಿಯ ಮುಂದೆ ಪರಿಹಾರ ಕೇಳಬಹುದು, ಆದರೆ ಆ ಕಲಮು ಕಂಪೆನಿಗಳಿಗೆ ಬರೆದದ್ದು, ಪಾಲಿಕೆ ತಾನು ಕಂಪೆನಿಯಲ್ಲ ಎಂದು ಜಾರಿಕೊಳ್ಳುತ್ತದೆ. ಗ್ರಾಹಕರ ಕೋರ್ಟಿಗೆ ಹೋದರೆ, ತೆರಿಗೆ ಕಟ್ಟುವವರು ಗ್ರಾಹಕರಲ್ಲ ಅನ್ನುತ್ತಾರೆ. ಸಿವಿಲ್ ದಾವೆಗೆ ಮೊದಲು ಪಾಲಿಕೆಗೆ ನೋಟಿಸು ಕೊಟ್ಟು ಕಾಯಬೇಕು. ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡಬಹುದು. ಎಲ್ಲಕ್ಕಿಂತ ಬೇಗ ಕೆಲಸ ಆಗುವುದು ಹೈಕೋರ್ಟಿನ ರಿಟ್ ಅರ್ಜಿಯಿಂದ.

"ಅರ್ಜಿಯಲ್ಲಿ ಹೆಸರು ಹಾಕಬೇಕಾ?" ಎಂದು ನಾನು ಕೇಳಿದೆ.

ಹಾಕಬೇಕು. ಮುಚ್ಚಿಡಿ ಎಂದು ಕೇಳಿಕೊಳ್ಳಬಹುದು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಗಂಡನ ವಿರುದ್ಧವೇ ರಕ್ಷಣೆ ಕೇಳಿದರೆ ಹೇಗೆ ಅಂದೆ. ಕೇಳಬಹುದು, ಆಗ ಅವನಿಗೆ ನೋಟಿಸು ಹೋಗುತ್ತದೆ, ಯಾವ ಊರಿನ ಕೋರ್ಟು ಎಂದು ಅದರಲ್ಲೇ ಗೊತ್ತಾಗುತ್ತದೆ ಅಂದರು. ಅವಳಿಗೆ ಪರಿಹಾರ ಬೇಕಿರಲಿಲ್ಲ, ಯಾರಿಗೂ ಶಿಕ್ಷೆಯಾಗುವುದೂ ಬೇಕಿರಲಿಲ್ಲ. ಗಂಡನ ಕಣ್ಣಿಗೆ ಬೀಳುವ ಮೊದಲು ಒಂದು ಸಾಲು ಅಳಿಸಿಹೋಗಬೇಕಿತ್ತು. ಅದನ್ನು ಅಳಿಸುವ ಪ್ರತಿ ದಾರಿಯೂ ಮೊದಲು ಅವಳ ಹೆಸರು, ವಿಳಾಸ ಬರೆ ಅನ್ನುತ್ತಿತ್ತು. ವಾಪಸು ಬರುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

ಕೊನೆಗೆ ನನಗೆ ಹೊಳೆದದ್ದು ಸೊಸೈಟಿ. ಫ್ಲಾಟಿನವರೆಲ್ಲ ಸೇರಿದ ಸಹಕಾರಿ ಸಂಘಕ್ಕೂ ನೋಟಿಸು ಕೊಡುವ ಹಕ್ಕಿದೆ. ಅದು ಇಡೀ ಕಟ್ಟಡದ ಹೆಸರಿನಲ್ಲಿ ಕೊಟ್ಟರೆ ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ವಕೀಲರೂ ಹೌದೆಂದರು. ನಮ್ಮ ಸೊಸೈಟಿಯ ಚೇರ್ಮನ್ನರು ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು. ವಿಷಯ ಹೇಳುತ್ತಲೇ ಹುರುಪಿನಿಂದ ಎದ್ದು ನಿಂತರು. ಮೂರನೇ ಮಹಡಿಯವಳ ಸಂಗತಿ ನಾನು ಬಾಯಿ ಬಿಡಲಿಲ್ಲ. ಯಾರಿಗೂ ಹೇಳಬೇಡಿ ಎಂದು ಅವಳು ಕೈಹಿಡಿದು ಕೇಳಿಕೊಂಡಿದ್ದಳು.

ಚೇರ್ಮನ್ನರು ಸಹಿ ಹಾಕಿದ್ದಲ್ಲದೆ ಮೀಟಿಂಗ್ ಕರೆದು ಭಾಷಣವನ್ನೂ ಮಾಡಿದರು. "ನನ್ನ ಮನೆಯಲ್ಲಿ ಯಾರಿದ್ದಾರೆ ಅಂತ ಊರಿಗೆಲ್ಲ ಹೇಳ್ಲಿಕ್ಕೆ ಇವರು ಯಾರು?" ಎಂದು ಟೇಬಲ್ಲು ಗುದ್ದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಎಷ್ಟೋ ವರ್ಷಗಳ ಮೇಲೆ ದೊಡ್ಡ ಕೋರ್ಟು ಹೇಳಿದಾಗ, ನಾನು ಇದನ್ನು ಆಗಲೇ ಹೇಳಿದ್ದೆ ಎಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿಕೊಂಡರು. ಹೇಳಿದ್ದು ನಿಜವೇ.

ನೋಟಿಸಿಗೆ ಫಲ ಸಿಕ್ಕಿತು. ಒಂದು ಬೆಳಿಗ್ಗೆ ನೋಡಿದರೆ ವೆಬ್‌ಸೈಟಿನ ಆ ಪುಟ ಇರಲಿಲ್ಲ. ಹಿಂದೆಯೇ ಪಾಲಿಕೆಯಿಂದ ಒಂದು ಸಾಲಿನ ಉತ್ತರ, ಪುಟವನ್ನು ದುರಸ್ತಿಗಾಗಿ ತೆಗೆಯಲಾಗಿದೆ ಎಂದು. ತಪ್ಪಾಯಿತು ಎಂದೇನೂ ಇರಲಿಲ್ಲ. ಮೂರನೇ ಮಹಡಿಯವಳು ನನ್ನ ಅಡುಗೆಮನೆಯಲ್ಲಿ ನಿಂತು ಮೊದಲ ಸಲ ನಕ್ಕಳು. ನನಗೂ ಬಹಳ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ.

ಮರುದಿನ ಸಂಜೆ ಆಫೀಸಿನಿಂದ ಬರುವಾಗ ಚೇರ್ಮನ್ನರು ಗೇಟಿನಲ್ಲೇ ಸಿಕ್ಕಿ ಪೇಡಾ ಕೊಟ್ಟರು. ಹಾಗೇ ಇನ್ನೊಂದು ಸುದ್ದಿಯನ್ನೂ ಕೊಟ್ಟರು.

"ಮೇಡಂ, ಮೂರನೇ ಮಾಳಿಗೆಯವರ ಅಣ್ಣ ಬಂದಿದ್ರು ಮಧ್ಯಾಹ್ನ. ಎಷ್ಟು ಮರ್ಯಾದೆಯ ಜನ ಮಾರಾಯ್ರೆ! ಕನ್ನಡದಲ್ಲಿ ಮಾತಾಡಿದ್ರು."

ಅವಳಿಗೆ ಅಣ್ಣ ಇಲ್ಲ ಎಂದು ನನಗೆ ಗೊತ್ತಿತ್ತು. "ನೀವು ಏನು ಹೇಳಿದಿರಿ?" ಅಂದೆ.

"ಎಂತ ಹೇಳುದು, ಅವರ ಮನೆಗೆ ಬೀಗ. ನಮ್ಮಲ್ಲಿ ಕೂರಿಸಿ ಕಾಫಿ ಕೊಟ್ಟೆ. ತಂಗಿ ಏಳು ಗಂಟೆ ಮೇಲೆ ಬರ್ತಾರೆ, ಮಗು ಇಂಥಾ ಶಾಲೆ, ಅಲ್ಲಿಂದ ಟ್ಯೂಷನ್ನಿಗೆ ಹೋಗ್ತದೆ ಅಂತ ಹೇಳಿದೆ. ಪಾಪ, ಕೆಲಸ ಉಂಟು, ನಾಳೆ ಬರ್ತೇನೆ ಅಂತ ಹೋದ್ರು. ಊರ ಕಡೆಯವರನ್ನು ಬಾಗಿಲಿಂದಲೇ ಕಳಿಸ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಆ ಊರುಗಳಲ್ಲಿ ಬಾಗಿಲ ಬಳಿ ಕನ್ನಡ ಕೇಳಿಸಿತೆಂದರೆ ನಾವು ಕರಗಿಹೋಗುತ್ತೇವೆ. ಯಾವ ಕಡೆ, ಯಾರ ಮನೆ ಎಂದು ಕೇಳುತ್ತೇವೆ, ಅವರು ಕೇಳದೆಯೇ ನಮ್ಮದನ್ನೂ ಅಕ್ಕಪಕ್ಕದವರದನ್ನೂ ಹೇಳಿ ಮುಗಿಸುತ್ತೇವೆ. ವೆಬ್‌ಸೈಟಿನಲ್ಲಿ ಇದ್ದದ್ದು ಹೆಸರು, ಫ್ಲಾಟು, ಫೋನ್ ನಂಬರು ಮಾತ್ರ. ಶಾಲೆ ಇರಲಿಲ್ಲ. ಚೇರ್ಮನ್ನರ ಮೇಲೆ ಹಾಕಲು ಯಾವ ಕಾಯಿದೆಯಲ್ಲೂ ಕಲಮಿಲ್ಲ, ಅವರಿಗೆ ಬೈಯಲೂ ನನಗೆ ಬಾಯಿ ಬರಲಿಲ್ಲ.

ಮೆಟ್ಟಿಲು ಹತ್ತಿ ಹೋಗಿ ಅವಳಿಗೆ ಹೇಳಿದೆ. ಅಳಲಿಲ್ಲ. "ಸಾಲಿ ಹೆಸರೂ ಹೇಳ್ಯಾರೇನ್ರಿ?" ಎಂದು ಒಂದೇ ಮಾತು ಕೇಳಿದಳು. ಹೂಂ ಅಂದೆ. ಒಳಗೆ ಹೋಗಿ ಮಗಳ ಬಟ್ಟೆ ಮಡಿಚತೊಡಗಿದಳು.

ಬೆಳಗಾಗುತ್ತಲೇ ಎರಡು ಬ್ಯಾಗು, ಒಂದು ಕುಕ್ಕರು, ಮಗು. ರಿಕ್ಷಾದವರೆಗೆ ನಾನು ಹೋದೆ. ಇವತ್ತು ಪರೀಕ್ಷೆ ಇದೆ ಎಂದು ಮಗು ಹಿಂದಿಯಲ್ಲಿ ಹಟ ಮಾಡುತ್ತಿತ್ತು. ಎಲ್ಲಿಗೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಡೆದಳು. "ಕೇಳಬ್ಯಾಡ್ರಿ ಅಕ್ಕಾರ. ನಿಮಗ ಗೊತ್ತಿಲ್ಲಂದ್ರ ನಿಮಗೂ ಚಲೋ. ಈ ನನ್ನ ನಂಬರು ಬಂದ್ ಮಾಡತೀನಿ. ನಿಮ್ಮ ನಂಬರು ನನಗ ಬಾಯಿಪಾಠ ಐತಿ, ನಾನ ಮಾಡತೀನಿ."

ಸಂಜೆ ಅವನು ಬಂದ. ಮೇಲೆ ಬೀಗ ನೋಡಿಕೊಂಡು, ಚೇರ್ಮನ್ನರು ತೋರಿಸಿದ ನನ್ನ ಬಾಗಿಲಿಗೆ ಬಂದು ಬೆಲ್ಲು ಒತ್ತಿದ. ಇಸ್ತ್ರಿ ಮಾಡಿದ ಶರ್ಟು, ಮೆಲುಮಾತು, ಕೈಯಲ್ಲಿ ಮಗುವಿಗೆ ಒಂದು ಗೊಂಬೆಯ ಪೆಟ್ಟಿಗೆ. ಅವನೂ ನನ್ನನ್ನು ಅಕ್ಕಾರ ಎಂದೇ ಕರೆದ. ಅಣ್ಣನ ನಾಟಕ ಬಿಟ್ಟು, ತಾನು ಗಂಡ ಎಂದು ಹೇಳಿಕೊಂಡ. ವಕೀಲರನ್ನು ಕಂಡಿದ್ದಾನಂತೆ. ಹೆಂಡತಿ ಮನೆಗೆ ಬರಲಿ ಎಂದು ಕೇಸು ಹಾಕಬಹುದು, ಮಗುವನ್ನು ಕೊಡಿಸಿ ಎಂದೂ ಕೇಳಬಹುದು. "ಬರೇ ಆಕಿ ಅಡ್ರೆಸ್ ಬೇಕಂತ್ರಿ, ಮುಂದಿಂದೆಲ್ಲಾ ಕೋರ್ಟು ನೋಡಿಕೊಳ್ತೈತಿ" ಅಂದ. ಅವನು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು.

ನನಗೆ ಗೊತ್ತಿಲ್ಲ ಅಂದೆ. ಅವನು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಪ್ರಿಂಟು ತೆಗೆದ. ಸೈಬರ್ ಕೆಫೆಯಲ್ಲಿ ತೆಗೆಸಿದ್ದು, ನಮ್ಮ ಇಡೀ ಕಟ್ಟಡ. ಪಾಲಿಕೆ ಪುಟ ತೆಗೆದಿತ್ತು, ಅವನು ಅದಕ್ಕೂ ಮೊದಲೇ ಇಳಿಸಿಕೊಂಡಿದ್ದ. ಬೆರಳಿಟ್ಟು ನನ್ನ ಸಾಲು ಹುಡುಕಿ, ನನ್ನ ಮೊಬೈಲ್ ನಂಬರನ್ನು ಗಟ್ಟಿಯಾಗಿ ಓದಿದ. "ಇದ ಹೌದಲ್ರಿ? ಏನರ ತಿಳಿದ್ರ ಫೋನ್ ಮಾಡ್ರಿ. ಇಲ್ಲಂದ್ರ ನಾನ ಮಾಡತೀನಿ."

ನನಗೆ ಭಯವಾಯಿತು. ಬಾಗಿಲು ಹಾಕಿ ಚಿಲಕ ಎಳೆದೆ.

ಅವನು ಮಾಡಿದ. ವಾರಕ್ಕೊಮ್ಮೆ, ಬೇರೆ ಬೇರೆ ನಂಬರಿನಿಂದ, ಯಾವಾಗಲೂ ಮರ್ಯಾದೆಯಿಂದ. ನಂಬರು ಬದಲಾಯಿಸಿ ಎಂದು ಮನೆಯವರೂ ಹೇಳಿದರು, ವಕೀಲರೂ ಹೇಳಿದರು. ಬದಲಾಯಿಸಲಿಲ್ಲ, ಅವಳಿಗೆ ಬಾಯಿಪಾಠ ಇದ್ದದ್ದು ಅದೊಂದೇ. ವರ್ಷ ಕಳೆದ ಮೇಲೆ ಅವನ ಫೋನು ನಿಂತುಹೋಯಿತು. ಬೇಸತ್ತು ಬಿಟ್ಟನೋ, ವಿಳಾಸ ಸಿಕ್ಕಿತೋ, ನನಗೆ ತಿಳಿಯುವ ದಾರಿ ಇಲ್ಲ. ಅವಳು ಇವತ್ತಿನವರೆಗೆ ಒಮ್ಮೆಯೂ ಫೋನ್ ಮಾಡಿಲ್ಲ.