ಗುಂಡಿ ಅಕ್ಕನ ಹತ್ತೊಂಬತ್ತು ಸೆಕೆಂಡು

ಚಾವಿ ಮಾಡುವವನ ಮಳಿಗೆಗೂ ಚಪ್ಪಲಿ ರಿಪೇರಿಯವನ ಮಳಿಗೆಗೂ ನಡುವೆ ಗುಂಡಿ ಅಕ್ಕನ ಅಂಗಡಿ. ಅಗಲ ಎಂಟು ಅಡಿ, ಉದ್ದ ಮೂವತ್ತು. ಎರಡೂ ಗೋಡೆಗಳಿಗೆ ನೆಲದಿಂದ ಸೂರಿನವರೆಗೆ ಮರದ ಡ್ರಾಗಳು, ಒಟ್ಟು ಇನ್ನೂರ ಹನ್ನೆರಡು. ಪ್ರತಿ ಡ್ರಾದ ಮುಖಕ್ಕೂ ಒಳಗಿರುವ ಜಾತಿಯ ಒಂದು ಗುಂಡಿಯನ್ನು ದಾರದಲ್ಲಿ ಕಟ್ಟಿದೆ. ಕೋಟಿನದು, ಅಂಗಿಯದು, ಗೊಂಬೆಯ ಕಣ್ಣಿನದು, ಯಾವ ಗುಂಡಿ ಕಳೆದುಹೋದರೂ ಜನ ಇಲ್ಲಿಗೆ ಬರುತ್ತಾರೆ. ಒಂದೇ ಒಂದು ಗುಂಡಿಗೆ ಬಂದವರಿಗೂ ಸ್ಟೂಲು ಎಳೆದುಕೊಟ್ಟು ಮಾತನಾಡಿಸುವುದು ಅವಳ ಮಾವನ ಕಾಲದಿಂದ ಬಂದ ರೂಢಿ.

ಅಕ್ಕ ಈ ಕಸುಬಿಗೆ ಹುಟ್ಟಿದವಳಲ್ಲ. ಹದಿನಾಲ್ಕು ವರ್ಷ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಐದು ವರ್ಷದ ಹಿಂದೆ ಮಾವನ ಕಣ್ಣಿಗೆ ಕಡು ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದಂತಾಯಿತು. ಅತ್ತೆ ಆಗಲೇ ತೀರಿಕೊಂಡಿದ್ದರು, ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ಒಂದೆರಡು ತಿಂಗಳು ನೋಡೋಣವೆಂದು ಬಂದವಳು ಅಲ್ಲೇ ನಿಂತಳು. ಚಿಪ್ಪಿನ ಗುಂಡಿಯನ್ನು ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿನದು ಹಾಗಿರುವುದಿಲ್ಲ ಎಂದು ಮಾವ ತೋರಿಸಿಕೊಟ್ಟ ದಿನವೇ ಅವಳಿಗೆ ಈ ಕೆಲಸದ ರುಚಿ ಹತ್ತಿತು. ಅದೂ ಒಂದು ಪರೀಕ್ಷೆಯೇ ಅಲ್ಲವೇ?

ಆನ್‌ಲೈನ್ ಅಂಗಡಿ ತೆರೆದವಳು ಅವಳೇ. ಬಾಗಿಲ ಬಳಿಯ ಬೆಳಕಿನಲ್ಲಿ, ಮಿಲಿಮೀಟರ್ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದೇ ಗುಂಡಿಯ ಫೋಟೋ ತೆಗೆದು ಹಾಕಿದಳು. ನಾನೂರು ಗುಂಡಿಗಳಾಗುವ ಹೊತ್ತಿಗೆ, ಯಾರಾದರೂ ಒಂಟಿ ಕೋಟು ಗುಂಡಿ ಎಂದು ಹುಡುಕಿದರೆ ಸರ್ಚ್ ಎಂಜಿನ್ ಅಕ್ಕನ ಅಂಗಡಿಯನ್ನು ನಾಲ್ಕನೆಯ ಸಾಲಿನಲ್ಲಿ ತೋರಿಸುತ್ತಿತ್ತು. ದಿನಕ್ಕೆ ಹದಿನೈದು ಪೊಟ್ಟಣ ಅಂಚೆಗೆ ಹೋಗುತ್ತಿದ್ದವು. ಆಮೇಲೆ ಹೆಸರು ಕೆಳಗಿಳಿಯತೊಡಗಿತು. ಸರಕು ಕಡಿಮೆಯಾಯಿತೇನೋ ಎಂದು ಅಕ್ಕ ಇನ್ನಷ್ಟು ಫೋಟೋ ಹಾಕಿದಳು. ಇನ್ನಷ್ಟು ಇಳಿಯಿತು. ಎರಡು ವರ್ಷದಲ್ಲಿ ಗುಂಡಿಗಳ ಸಂಖ್ಯೆ ಎರಡು ಸಾವಿರದ ಆರುನೂರ ನಲವತ್ತು ದಾಟಿತು, ಅಂಗಡಿ ಮೂರನೆಯ ಪುಟದಲ್ಲಿ ಇಪ್ಪತ್ತೇಳನೆಯದಾಯಿತು, ಪೊಟ್ಟಣ ಎರಡಕ್ಕೆ ಬಂತು. ಮೂರನೆಯ ಪುಟದವರೆಗೆ ಹೋಗುವ ತಾಳ್ಮೆ ಗುಂಡಿ ಕಳೆದುಕೊಂಡವರಿಗೆ ಎಲ್ಲಿರುತ್ತದೆ?

ಆ ಸಮಯಕ್ಕೆ ಸರಿಯಾಗಿ ಲ್ಯಾಬಿನ ಮೇಲ್ವಿಚಾರಕಿ ಫೋನು ಮಾಡಿದಳು. "ನಿನ್ನ ಹಳೇ ಜಾಗ ಖಾಲಿಯಾಗಿದೆ ಕಣೇ. ಮುಂದಿನ ತಿಂಗಳ ಕೊನೆವರೆಗೂ ತಡೆದಿರ್ತೀನಿ. ಬರ್ತೀಯೋ ಇಲ್ವೋ, ಒಂದು ಮಾತು ಹೇಳ್ಬಿಡು."

ಅಕ್ಕ ಯೋಚಿಸಿ ಹೇಳುತ್ತೇನೆ ಎಂದಳು. ಅಂಚೆಯ ಪೊಟ್ಟಣಗಳಿಲ್ಲದಿದ್ದರೆ, ಕೌಂಟರಿಗೆ ಬರುವಷ್ಟು ಗಿರಾಕಿಗಳಿಗೆ ಒಬ್ಬರು ಸಾಕು. ಆದರೆ ಆ ಒಬ್ಬರಿಗೆ ಬಣ್ಣ ಕಾಣಬೇಕು. ಅವಳು ಹೊರಟರೆ ಇನ್ನೂರ ಹನ್ನೆರಡು ಡ್ರಾಗಳೂ ಮುಚ್ಚಿದಂತೆಯೇ. ಇದು ಅವಳಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಅಂಗಡಿ ಕೆಳಗಿಳಿದ ಕಾರಣ ಹೊರಬಿದ್ದದ್ದು ನಾದಿನಿಯಿಂದ. ಮಗಳ ಸ್ವೆಟರಿಗೆ ಗುಂಡಿ ನೋಡಲು ಹೋಗಿ, ಅವಳು ಫೋನಿನಲ್ಲಿ ಬೈದಳು.

"ಅತ್ತಿಗೆ, ಒಲೆ ಮೇಲೆ ಹಾಲಿಟ್ಟು ನಿಮ್ಮ ಅಂಗಡಿ ತೆರೆಯೋಕೆ ಕೂತೆ. ಹಾಲು ಉಕ್ಕಿ ಒಲೆ ಆರಿತು. ನಿಮ್ಮಂಗಡಿ ಮಾತ್ರ ಇನ್ನೂ ಬಾಗಿಲು ತೆಗೀತಾನೇ ಇದೆ."

"ಏನು ತಮಾಷೆ ಮಾಡ್ತೀಯ? ಇಲ್ಲಿ ಎರಡೇ ಸೆಕೆಂಡು."

"ನಿಮ್ಮ ಕಂಪ್ಯೂಟರಿಗೆ ನೀವು ಮನೆಯವರು, ಅತ್ತಿಗೆ. ನಾನು ಹೊರಗಿನವಳು."

ನಾದಿನಿ ಹಾಸ್ಯಕ್ಕೆ ಅಂದದ್ದು, ಅಕ್ಕನ ಮುಖ ಬಿಸಿಯಾಯಿತು. ಎರಡು ವರ್ಷದಿಂದ ಅವಳು ಅಂಗಡಿಯನ್ನು ತೆರೆದು ನೋಡುತ್ತಿದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದು ಎಲ್ಲ ಫೋಟೋಗಳನ್ನೂ ಮೊದಲೇ ತನ್ನೊಳಗೆ ಉಳಿಸಿಕೊಂಡಿತ್ತು, ಹೊಸದಾಗಿ ತರಿಸುವ ಕೆಲಸವೇ ಇರಲಿಲ್ಲ. ತೊಳೆಯದ ಬೀಕರಿನಲ್ಲಿ ನೀರು ಪರೀಕ್ಷಿಸಿದ ಹಾಗೆ! ಲ್ಯಾಬಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಅವರನ್ನು ಇಡೀ ದಿನ ನಿಲ್ಲಿಸಿ ಬೀಕರು ತೊಳೆಸುತ್ತಿದ್ದಳು.

ಹಳೆಯ ಸ್ಟಾಪ್‌ವಾಚು ಹೊರಬಂತು. ಅಕ್ಕ ಈ ತುದಿಯಲ್ಲಿ ಎಣಿಸುತ್ತಿದ್ದಂತೆ ನಾದಿನಿ ಐದು ಸಲ ತೆರೆದಳು, ಪ್ರತಿ ಸಲವೂ ಫೋನು ಉಳಿಸಿಕೊಂಡದ್ದನ್ನು ಅಳಿಸಿ. ಸರಾಸರಿ ಹತ್ತೊಂಬತ್ತು ಸೆಕೆಂಡು. ಅಕ್ಕ ಕೂತು ಓದಿದಳು. ಸರ್ಚ್ ಎಂಜಿನ್ ತಾನು ತೋರಿಸುವ ಅಂಗಡಿ ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ನಿಜವಾದ ಗಿರಾಕಿಗಳ ಫೋನುಗಳಿಂದಲೇ ತಿಳಿದುಕೊಳ್ಳುತ್ತದೆ. ಸರಕು ಸರಿಯಿಲ್ಲದ ಅಂಗಡಿಯನ್ನು ಬರೀ ವೇಗ ಮೇಲೆತ್ತಲಾರದು. ಆದರೆ ಸರಕು ಸಮಸಮವಾಗಿದ್ದಾಗ, ಬೇಗ ತೆರೆಯುವವನಿಗೆ ಮುಂದಿನ ಸಾಲು. ಅವಳು ಹಾಕಿದ ಒಂದೊಂದು ಹೊಸ ಫೋಟೋವೂ ಅಂಗಡಿಯನ್ನು ಒಂದಿಷ್ಟು ಭಾರ ಮಾಡಿ ಕೆಳಗೆ ನೂಕಿತ್ತು.

ವಿಷಯ ತಿಳಿದ ಮಾವ ನಕ್ಕರು. "ನೀನು ಬಾಗಿಲು ತೆಗೆಯೋಷ್ಟರಲ್ಲಿ ಗಿರಾಕಿ ಹೊಸ ಕೋಟೇ ಕೊಂಡ್ಕೊಂಡು ಹಾಕ್ಕೊಂಡಿರ್ತಾನಲ್ಲಮ್ಮ."

"ನೀವೇ ಹೇಳಿದ್ದು, ಮಾವ. ಗಿರಾಕಿ ಮುಂದೆ ಎಲ್ಲಾ ಹರಡು, ಬಚ್ಚಿಟ್ಟ ಸರಕು ಮಾರಾಟ ಆಗಲ್ಲ ಅಂತ. ಅದಕ್ಕೇ ಎಲ್ಲಾ ಗುಂಡೀನೂ ಮೊದಲ ಪುಟದಲ್ಲೇ ಇಟ್ಟೆ."

ಮಾವ ಉತ್ತರಿಸುವ ಮೊದಲೇ ಒಬ್ಬ ಹೆಂಗಸು ಬೂದು ಕೋಟನ್ನು ತೋಳಮೇಲೆ ಹಾಕಿಕೊಂಡು ಒಳಬಂದಳು. ಮಾವ ಸ್ಟೂಲು ಎಳೆದುಕೊಟ್ಟರು. ಎಷ್ಟು ತೂತು ಎಂದರು. ನಾಲ್ಕು. ಉಳಿದಿದ್ದ ಗುಂಡಿಯೊಂದನ್ನು ಹೆಬ್ಬೆರಳಿನಿಂದ ಸವರಿ, ಇಪ್ಪತ್ಮೂರು ಮಿಲಿಮೀಟರ್ ಎಂದರು. ಬಣ್ಣ ಏನಮ್ಮ ಎಂದು ಸೊಸೆಯನ್ನು ಕೇಳಿದರು. ಬೂದು, ಅಂಚು ಕಪ್ಪು ಎಂದಳು ಅಕ್ಕ. ಮಾವ ಏಣಿಯ ಎರಡನೇ ಮೆಟ್ಟಿಲು ಹತ್ತಿ ಒಂದು ಡ್ರಾ ಎಳೆದು ತಂದು, ಅದರಲ್ಲಿದ್ದದ್ದನ್ನೆಲ್ಲ ಬಟ್ಟೆಯ ಮೇಲೆ ಹರಡಿದರು. ಹೆಂಗಸು ಮೂರನೆಯದನ್ನೇ ಎತ್ತಿಕೊಂಡಳು.

ಅವಳು ಹೋದಮೇಲೂ ಅಕ್ಕ ಆ ಬಟ್ಟೆಯನ್ನೇ ನೋಡುತ್ತಿದ್ದಳು.

"ಮಾವ, ನೀವು ಒಂದೇ ಡ್ರಾ ತೆಗೆದ್ರಿ."

"ಮತ್ತೆ? ಅಂಗಡೀನೆಲ್ಲಾ ಕೌಂಟರ್ ಮೇಲೆ ಸುರಿ ಅಂದ್ನಾ ನಾನು? ಮೊದಲು ಕೇಳು, ಆಮೇಲೆ ಹರಡು. ಕೇಳೋದನ್ನ ಬೇರೆ ಹೇಳಿಕೊಡಬೇಕಾ, ಐದು ವರ್ಷದಿಂದ ಪಕ್ಕದಲ್ಲೇ ನಿಂತು ನೋಡ್ತಿದ್ದೀಯಲ್ಲ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವಳು ತಾನೇ ಎಂದು ಅಕ್ಕನಿಗೆ ಅನಿಸಿತು. ನಗುವೂ ಬಂತು.

ಒಂಬತ್ತು ದಿನ ಕೂತು ಆನ್‌ಲೈನ್ ಅಂಗಡಿಯನ್ನು ಮಾವನ ಅಂಗಡಿಯಂತೆಯೇ ಮಾಡಿದಳು. ಮೊದಲ ಪುಟದಲ್ಲಿ ಗುಂಡಿಗಳೇ ಇಲ್ಲ, ಮೂರು ಪ್ರಶ್ನೆ ಮಾತ್ರ: ಎಷ್ಟು ತೂತು, ಎಷ್ಟು ಅಗಲ, ಯಾವ ಬಣ್ಣ. ಉತ್ತರ ಕೊಟ್ಟರೆ ಒಂದು ಡ್ರಾದಷ್ಟು, ಅಂದರೆ ಹೆಚ್ಚೆಂದರೆ ಇಪ್ಪತ್ತನಾಲ್ಕು ಚಿಕ್ಕ ಚಿತ್ರ. ದಾರದ ಗೀರೂ ಕಾಣುವಂಥ ದೊಡ್ಡ ಚಿತ್ರ, ಗುಂಡಿಯನ್ನು ಮುಟ್ಟಿದರೆ ಮಾತ್ರ ಬರುತ್ತದೆ. ಒಲೆಯ ಮೇಲೆ ಹಾಲಿಟ್ಟುಕೊಂಡೇ ನಾದಿನಿ ಮತ್ತೆ ಐದು ಸಲ ತೆರೆದಳು. ಸರಾಸರಿ ಎರಡು ಪಾಯಿಂಟ್ ನಾಲ್ಕು ಸೆಕೆಂಡು.

"ಈ ಸಲ ಹಾಲು ಉಳೀತು ಅತ್ತಿಗೆ."

ಇನ್ನು ಕಾಯಬೇಕಿತ್ತು. ಸರ್ಚ್ ಎಂಜಿನ್ನಿನದು ಹಿಂದಿನ ನಾಲ್ಕು ವಾರದ ಗಿರಾಕಿಗಳ ಅನುಭವವನ್ನೆಲ್ಲ ಕೂಡಿಸಿ ನೋಡುವ ಲೆಕ್ಕ. ಹಳೆಯ ಹತ್ತೊಂಬತ್ತು ಸೆಕೆಂಡುಗಳು ತೊಳೆದುಹೋಗಲು ಅಷ್ಟು ದಿನ ಬೇಕು. ಲ್ಯಾಬಿಗೆ ಉತ್ತರ ಕೊಡಲು ಉಳಿದದ್ದು ಮೂವತ್ತು ದಿನ. ಅಕ್ಕನಿಗೆ ಕಾಯುವುದು ಹೊಸದಲ್ಲ, ಲ್ಯಾಬಿನಲ್ಲಿ ಸೂಕ್ಷ್ಮಜೀವಿ ಬೆಳೆಯಲೆಂದು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ ತಟ್ಟೆಯನ್ನು ಹೊತ್ತಿಗೆ ಮುಂಚೆ ತೆರೆದರೆ ಪರೀಕ್ಷೆಯೇ ಕೆಡುತ್ತದೆಂದು ಕಲಿತವಳು. ಅಂಗಡಿ ಎಷ್ಟನೆಯದೆಂದು ಸೋಮವಾರಕ್ಕೊಮ್ಮೆ ಮಾತ್ರ ನೋಡಿ, ಯಾವ ಡ್ರಾದಲ್ಲಿ ಏನಿದೆಯೆಂಬ ಪಟ್ಟಿಯ ಕೊನೆಯ ಹಾಳೆಯಲ್ಲಿ ಬರೆದಳು. ಮೊದಲ ಸೋಮವಾರ ಇಪ್ಪತ್ತಾರು. ಆ ದಿನ ಮಾವ ಒಂದೇ ಡ್ರಾವನ್ನು ಎರಡು ಸಲ ಒರೆಸಿದರು. ಎರಡನೆಯ ವಾರ ಹತ್ತೊಂಬತ್ತು. ಮೂರನೆಯ ವಾರ ಹನ್ನೊಂದು, ಪೊಟ್ಟಣ ಏಳು. ಇನ್ನೊಂದು ಹೆಜ್ಜೆ ಮೇಲೇರಿದರೆ ಸರ್ಚಿನ ಮೊದಲ ಪುಟ ಎಂದು ಅವಳು ಹೇಳಿದಾಗ, "ಬಾಗಿಲಿಗೆ ಬಂದೋರು ಒಳಗೂ ಬರ್ತಾರೆ ಬಿಡು," ಎಂದರು ಮಾವ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಆರನೆಯ ಸಾಲು. ನಾದಿನಿಯ ಫೋನಿನಲ್ಲೂ ಆರು, ಚಾವಿಯವನ ಫೋನಿನಲ್ಲೂ ಆರು. ಒಂದೇ ಉಪಕರಣವನ್ನು ನಂಬುವ ತಪ್ಪನ್ನು ಅವಳು ಇನ್ನೊಮ್ಮೆ ಮಾಡುವವಳಲ್ಲ. ಹನ್ನೆರಡು ಪೊಟ್ಟಣಗಳು ವಿಳಾಸ ಹೊತ್ತು ಕೌಂಟರಿನ ಮೇಲೆ ಕೂತಿದ್ದವು.

ಅಕ್ಕ ಅಂಗಡಿಯ ಹಿಂಬದಿಗೆ ಹೋಗಿ ಫೋನು ಮಾಡಿದಳು. ಎರಡೇ ನಿಮಿಷ. ಮುಂದೆ ಬಂದಾಗ ಮಾವ ಬೆಳ್ಳಿ ಬಣ್ಣದ ಗುಂಡಿಗಳನ್ನು ವಿಂಗಡಿಸುತ್ತಿದ್ದರು, ಕಿವಿಯೆಲ್ಲ ಈ ಕಡೆಗೇ.

"ಯಾರಿಗಮ್ಮ ಫೋನು?"

"ಲ್ಯಾಬಿಗೆ. ಬರಲ್ಲ ಅಂದೆ."

ಮಾವ ಕೈಯಲ್ಲಿದ್ದ ಗುಂಡಿಯನ್ನು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಅದನ್ನು ಅದರ ಡ್ರಾಗೆ ಹಾಕಿದರು.

"ಹಾಗಾದ್ರೆ ಹದಿನೆಂಟು ಮಿಲಿಮೀಟರ್ ಕಂದು, ನಾಲ್ಕು ತೂತಿಂದು, ಮುಗೀತಾ ಬಂದಿದೆ," ಎಂದರು. "ತರಿಸೋ ಪಟ್ಟೀಲಿ ಬರ್ಕೋ."