ಲಾಭ, ಎರಡು, ಮೂರು

ಹೋದ ವಾರ ಅದಿಯಮಾನ್‌ಕೋಟೆಯ ಹತ್ತಿರ ನಮ್ಮ ಬಸ್ಸು ನಿಂತುಬಿಟ್ಟಿತು. ರಸ್ತೆಗೆ ಡಾಂಬರು ಹಾಕುತ್ತಿದ್ದರು. ಕಿಟಕಿಯಿಂದ ನುಗ್ಗಿದ ಆ ಬಿಸಿ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು "ಎನ್ನಮ್ಮಾ ಆಚ್ಚು?" ಎಂದು ಗಾಬರಿಯಿಂದ ಕೇಳಿದಳು. ಏನಾಯಿತೆಂದು ಹೇಳಲಿ?

ಅದು ಮಾವನ ಮೈಯ ವಾಸನೆ. ಸ್ವಂತ ಮಾವನಲ್ಲ. ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ನಮ್ಮೂರಿನಲ್ಲಿ ಪಕ್ಕದ ಮನೆಯವರು, ಹರಿಗೋಲು ನಡೆಸುತ್ತಿದ್ದವರು. ವರ್ಷಕ್ಕೆರಡು ಸಲ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಆಮೇಲೆ ಎಷ್ಟು ಉಜ್ಜಿ ಸ್ನಾನ ಮಾಡಿದರೂ ವಾಸನೆ ಬಿಡುತ್ತಿರಲಿಲ್ಲ. ನಾನು ಮೂಗು ಹಿಡಿದುಕೊಂಡರೆ, "ಅರಗೋಲು ತೂತಾಗೋದಕ್ಕಿಂತ ನಾನು ನಾರೋದೇ ವಾಸಿ ಕಣ್ಣು" ಎನ್ನುತ್ತಿದ್ದರು. ನಮ್ಮ ಕಡೆ ಚಿಕ್ಕವರನ್ನು ಮುದ್ದಿಗೆ ಕಣ್ಣು ಅಂತಲೇ ಕರೆಯುವುದು.

ಆ ದಡದ ಕಡಲೆಕಾಯಿ ಹೊಲಗಳ ನಡುವೆ ಯಾರೋ ಹೊರಗಿನವರು ಬಂದು ಬಿಳಿ ಡೇರೆಗಳನ್ನು ಹಾಕಿದರು. ಒಳಗೆ ಮಂಚ, ಫ್ಯಾನು, ಆಳುದ್ದ ಕನ್ನಡಿ. ಅದಕ್ಕೆ ಗ್ಲ್ಯಾಂಪಿಂಗ್ ಎಂದು ಹೆಸರು. ಪಟ್ಟಣದವರು ಕಾರು ಮಾಡಿಕೊಂಡು ಬಂದು, ಕಡಲೆಕಾಯಿ ಗಿಡ ಕಿತ್ತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಬರೆಯಲು ಬರುತ್ತದೆಂದು ನನಗೆ ರಿಜಿಸ್ಟರ್ ಬರೆಯುವ ಕೆಲಸ ಸಿಕ್ಕಿತು. ಮಾವನಿಗೆ ಅತಿಥಿಗಳನ್ನು ನೀರಿನ ಮೇಲೆ ಸುತ್ತಾಡಿಸುವ ಕೆಲಸ. "ಬಟ್ಟೆ ಮನೇಲಿ ಮಲಗಕ್ಕೆ ಇಷ್ಟು ದೂರ ಬತ್ತಾರಲ್ಲ, ಪಾಪ, ಇವ್ರಿಗೆ ಮನೆ ಇಲ್ವಾ?" ಎಂದು ನಗುತ್ತಿದ್ದರು.

ನಮ್ಮಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಮಾವ ಜನರನ್ನೂ ಹಾಗೆಯೇ ಎಣಿಸುತ್ತಿದ್ದರು. ಹರಿಗೋಲು ದಡ ಬಿಡುವಾಗ ಒಮ್ಮೆ, ಮತ್ತೆ ದಡ ಮುಟ್ಟಿದಾಗ ಒಮ್ಮೆ. ಮೊದಲು ತಮ್ಮ ಎದೆ ತಟ್ಟಿಕೊಂಡು "ಲಾಭ" ಎನ್ನುವರು. ಆಮೇಲೆ ಅತಿಥಿಗಳ ಕಡೆ ಬೆರಳು ತೋರಿ ಎರಡು, ಮೂರು, ನಾಲ್ಕು...

"ಏನ್ ಮಾವ, ಲಾಭ ಎಲ್ಲಾ ನಿಮಗೇನಾ?" ಎಂದು ಒಮ್ಮೆ ರೇಗಿಸಿದೆ.

"ಒಂದು ಅಂದ್ರೆ ಒಂಟಿ ಆಗೋಯ್ತದೆ ಕಣ್ಣು. ನೀರ್ ಮ್ಯಾಲೆ ಯಾರೂ ಒಂಟಿ ಆಗ್ಬಾರ್ದು" ಎಂದರು.

ನನ್ನ ರಿಜಿಸ್ಟರಿನಲ್ಲಿ ಅತಿಥಿಗಳ ಹೆಸರಿಗೆ ಮಾತ್ರ ಜಾಗವಿತ್ತು.

ಅವತ್ತು ಮಾವನ ಜೊತೆ ಐವರು ಅತಿಥಿಗಳು ಹೋಗಿದ್ದರು. ಸಂಜೆ ನಾಲ್ಕರ ಹೊತ್ತು. ಇನ್ನೇನು ದಡ ಬಂತು ಎನ್ನುವಾಗ ಗಾಳಿ ಎದ್ದಿತು, ಹರಿಗೋಲು ಮಗುಚಿತು. ಅತಿಥಿಗಳೆಲ್ಲ ತೇಲುವ ಜಾಕೆಟ್ ಹಾಕಿಕೊಂಡಿದ್ದರು. ಮಾವನಿಗೂ ಒಂದು ಕೊಟ್ಟಿದ್ದರು, ಹಾಳಾದ್ದು, ಅದನ್ನು ಮಡಚಿ ಅದರ ಮೇಲೆ ಕೂರುತ್ತಿದ್ದರು. ಎಷ್ಟು ಸಲ ಬೈದಿದ್ದೆ... ಮೀನು ಹಿಡಿಯುವವರೊಬ್ಬರು ದೋಣಿ ಒಯ್ದು, ಒಬ್ಬೊಬ್ಬರನ್ನೇ ಎಳೆದು ಹಾಕಿಕೊಂಡು, ಎರಡು ಸಲ ದಡಕ್ಕೆ ಬಂದರು. ನಾನು ರಿಜಿಸ್ಟರನ್ನು ಎದೆಗವುಚಿಕೊಂಡು, ಇಳಿದವರ ಭುಜ ಮುಟ್ಟಿ ಮುಟ್ಟಿ ಎಣಿಸಿದೆ. ಮಾವನನ್ನು ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದುಬಿಟ್ಟಿತ್ತು. ಲಾಭ, ಎರಡು, ಮೂರು, ನಾಲ್ಕು, ಐದು. ಪುಸ್ತಕದಲ್ಲೂ ಐದು.

"ಎಲ್ರೂ ಬಂದ್ರು!" ಎಂದು ಕೂಗಿದೆ. ಮತ್ತೆ ನೀರಿನ ಕಡೆಗೆ ದೋಣಿ ತಿರುಗಿಸುತ್ತಿದ್ದವರು ನನ್ನ ಮಾತು ಕೇಳಿ ಹುಟ್ಟು ಕೆಳಗಿಟ್ಟರು.

ಎಲ್ಲರಿಗೂ ಟವೆಲ್ ಕೊಟ್ಟೆ. ಕಾಫಿಗೆ ಹೇಳಿದೆ. ಅಷ್ಟರಲ್ಲಿ ಅತಿಥಿಗಳಲ್ಲೊಬ್ಬ ಹೆಂಗಸು ನಡುಗುತ್ತಾ "ಪರಿಸಲ್‌ಕಾರರ್ ಎಂಗೆ?" ಎಂದಳು. ಹರಿಗೋಲಿನವರು ಎಲ್ಲಿ? ಅಯ್ಯೋ ದೇವರೇ... ಮಾವನ ಲಾಭವನ್ನು ನಾನು ಇನ್ಯಾರದೋ ಭುಜದ ಮೇಲೆ ಇಟ್ಟಿದ್ದೆ. ಅವರಂತೆಯೇ ಎದೆಯಿಂದ ಶುರು ಮಾಡಿದ್ದರೆ, ಅದು ಮಾವನ ಜಾಗ, ಮಾವನೇ ಇಲ್ಲ ಎಂದು ಮೊದಲ ಬೆರಳಿಗೇ ತಿಳಿಯುತ್ತಿತ್ತು. ದೋಣಿ ಮತ್ತೆ ಹೋಯಿತು. ಮಾವ ಸಿಕ್ಕಿದ್ದು ಮಾರನೆಯ ದಿನ.

ಅವರ ಹೆಂಡತಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಅವರು ನನ್ನ ತಲೆ ಸವರಿ, "ನೀ ಸರಿಯಾಗೇ ಎಣಿಸ್ದೆ ಕಣ್ಣು. ಅವ್ರ ಎಸ್ರು ನಿನ್ ನೋಟ್‌ನಾಗೆ ಇರ್ನಿಲ್ವಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ನಾನು ಧರ್ಮಪುರಿಯಲ್ಲಿದ್ದೇನೆ. ಡೇರೆಗಳು ಅಲ್ಲೇ ಇವೆಯಂತೆ, ಇನ್ನೂ ಹೆಚ್ಚಾಗಿವೆಯಂತೆ. ದೋಣಿ ಆಗಲೇ ಹೋಗಿದ್ದರೆ ಮಾವ ಉಳಿಯುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಹೋದ ವಾರ ಆ ಬಸ್ಸಿಳಿದು ಮನೆಗೆ ಬಂದವಳೇ ಅನ್ನಕ್ಕಿಡಲು ಅಕ್ಕಿ ಡಬ್ಬಿ ತೆರೆದೆ. ತಲೆಗೊಂದು ಪಾವಿನಂತೆ ನಾಲ್ವರಿಗೆ ಅಳೆಯಬೇಕು. ಲಾಭ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಒಂದು ಎನ್ನಲು ಭಯ. ಅದಕ್ಕೇ ಎರಡರಿಂದ ಶುರು ಮಾಡುತ್ತೇನೆ: ಎರಡು, ಮೂರು, ನಾಲ್ಕು. ದಿನವೂ ಒಬ್ಬರ ಅನ್ನ ಕಡಿಮೆ ಬೀಳುತ್ತದೆ. ಮನೆಯವರೆಲ್ಲ ಉಂಡೆದ್ದ ಮೇಲೆ ನಾನು ಒಂದು ಲೋಟ ಮಜ್ಜಿಗೆ ಕುಡಿದು ಪಾತ್ರೆ ತೊಳೆಯುತ್ತೇನೆ.