ಖಾದರಸಾಬನೋ, ಫಕೀರಪ್ಪನೋ?

ಇಬ್ಬರು ಹಾಡುಗಾರರಲ್ಲಿ ಯಾರು ಹೆಚ್ಚೆಂದು ತೂಗುವುದು ಕೆಲಸವಿಲ್ಲದವರ ಕೆಲಸ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಅದನ್ನು ಬಹಳ ನಿಷ್ಠೆಯಿಂದ ಮಾಡಿದೆ. ಗದಗ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಬೆನ್ನಿಗೆ ವೇದಿಕೆಗಳು ಬಂದವು. ಲಕ್ಷ್ಮೇಶ್ವರದ ಖಾದರಸಾಬ, ಹಿರೇವಡ್ಡಟ್ಟಿಯ ಫಕೀರಪ್ಪ ಇಬ್ಬರೂ ತತ್ವಪದದವರು. ಇವರಿಲ್ಲದ ವೇದಿಕೆಯಿಲ್ಲ, ಇವರ ಬಗ್ಗೆ ವಾದವಿಲ್ಲದ ಚಹಾದಂಗಡಿಯಿಲ್ಲ. ಎಲ್ಲ ಕಡೆ ಮುಂದಿನ ಸಾಲಿನಲ್ಲೇ ಕೂರುವ ನನಗೆ ಇಬ್ಬರೂ ಪರಿಚಿತರು.

ನಾನು ಖಾದರಸಾಬನ ಕಡೆ. ಅವನ ದನಿ ಏರಿದರೆ ನಮ್ಮ ಬೆಟಗೇರಿಯ ಮಗ್ಗಗಳೂ ನಿಂತು ಕೇಳಬೇಕು. ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸಿ, ಪ್ರತಿ ಸಲ ಹೊಸದೊಂದು ಅರ್ಥ ತೋರಿಸುತ್ತಾನೆ. ನನ್ನ ಹೆಂಡತಿ ಶಾಂತವ್ವ ಫಕೀರಪ್ಪನ ಕಡೆ. ಅವನು ದನಿ ಏರಿಸುವುದೇ ಇಲ್ಲ; ಕಟ್ಟೆಯ ಮೇಲೆ ಕೂತು ಮಾತಾಡಿದಂತೆ ಹಾಡುತ್ತಾನೆ. ಉಸಿರು ಸಾಲದಿದ್ದರೆ ನಿಲ್ಲಿಸಿ, ಸಾವಕಾಶ ಮುಂದುವರಿಸುತ್ತಾನೆ. "ನಿಮ್ಮ ಖಾದರಸಾಬ ಪದಕ್ಕ ಸಿಂಗಾರ ಮಾಡ್ತಾನ್ರಿ. ಫಕೀರಪ್ಪ ಅದನ್ನ ತಂದು ಕೈಯಾಗ ಕೊಡ್ತಾನ" ಎನ್ನುತ್ತಿದ್ದಳು.

ಹೋದ ವರ್ಷ ಅವಳು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಆಗಿ ಮನೆಗೆ ಬಂದ ಮೇಲೂ ನೋವಿಗೆ ನಿದ್ದೆಯಿಲ್ಲ. ಅವಳಿಗಿಲ್ಲದ ನಿದ್ದೆ ನನಗೆಲ್ಲಿಂದ? ದಿಂಬು ಸರಿಸು, ಕಾಲು ಹಿಡಿ, ನೀರು ಕುಡಿಸು. ಬಾಗಿಲು ಬಡಿದ ಸದ್ದಿಗೂ ಅಳು ಬರುವಷ್ಟು ಸೋತುಹೋಗಿದ್ದೆ.

ಖಬರ ತಿಳಿದು ಒಂದು ಮಧ್ಯಾಹ್ನ ಇಬ್ಬರೂ ಒಂದೇ ಆಟೋದಲ್ಲಿ ಬಂದಿಳಿದರು. ಊರೆಲ್ಲ ಇವರಿಗಾಗಿ ಜಗಳಾಡುತ್ತಿದ್ದರೆ, ಇವರು ಒಂದೇ ಎಲೆಯಡಿಕೆ ಚೀಲಕ್ಕೆ ಕೈಹಾಕುತ್ತ ಒಳಗೆ ಬಂದರು!

ಮೊದಲು ಖಾದರಸಾಬ ಹಾಡಿದ. ಶಾಂತವ್ವನ ಕಣ್ಣು ಅರಳಿತು. ಅವಳ ಬೆರಳು ಹಾಸಿಗೆಯ ಮೇಲೆ ತಾಳ ಹಾಕಿತು. ಗೆದ್ದೆ ಎಂದುಕೊಂಡೆ. ಆಮೇಲೆ ಫಕೀರಪ್ಪ ಏಕತಾರಿ ಮೀಟಿದ. ಎರಡನೆಯ ನುಡಿಗೆ ಅವಳ ಕಣ್ಣು ಮುಚ್ಚಿತು. ಸಣ್ಣಗೆ ಗೊರಕೆ ಕೇಳಿಸಿತು.

ಮನೆಗೆ ಬಂದ ಕಲಾವಿದನಿಗೆ ಇಂಥ ಅವಮಾನವೇ ಎಂದು ನಾಚಿ ಅವಳನ್ನು ಅಲುಗಿಸಹೋದೆ. ಖಾದರಸಾಬ ನನ್ನ ಕೈ ಹಿಡಿದ.

"ಎಬ್ಬಸಬ್ಯಾಡ್ರಿ ಮಾಸ್ತರ" ಎಂದ ಮೆಲ್ಲಗೆ. "ಮಲಗಿದವರನ್ನ ಎಬ್ಬಸೂದು ನನಗ ಬರ್ತೈತಿ. ನೊಂದವರನ್ನ ಮಲಗಸೂದು ಇನ್ನೂ ಬಂದಿಲ್ಲ."

ಫಕೀರಪ್ಪ ಹಾಡು ನಿಲ್ಲಿಸಲಿಲ್ಲ. ದನಿಯನ್ನಷ್ಟೇ ಇನ್ನೂ ತಗ್ಗಿಸಿದ. ಈ ಸಲವಾದರೂ ಸರಿಯಾಗಿ ತೂಗಿ ನೋಡೋಣವೆಂದು ಗೋಡೆಗೊರಗಿ ಕಿವಿಗೊಟ್ಟೆ. ಮೂರನೆಯ ನುಡಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎಚ್ಚರವಾದಾಗ ಸಂಜೆಯಾಗಿತ್ತು. ಇಬ್ಬರೂ ಸದ್ದಿಲ್ಲದೆ ಹೋಗಿದ್ದರು. ಶಾಂತವ್ವ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು.

"ಹೆಂಗಿತ್ರಿ ಫಕೀರಪ್ಪನ ಪದಾ?"

"ಕೇಳಿದವರನ್ನ ಕೇಳಬೇಕು" ಎಂದೆ.

ನಕ್ಕರೆ ಸೊಂಟ ನೋಯುತ್ತಿತ್ತು. ಆದರೂ ನಕ್ಕಳು.